ಅಕ್ಕನ ಹಡಗು, ನನ್ನ ಹಡಗು

ಮಾರ್ಚ್ 3, ಬೆಳಿಗ್ಗೆ

ಗುಳಿಗೆ ನುಂಗಿ ಆಯಿತು. ಅಕ್ಕನ ರಾಗವೂ ಶುರುವಾಯಿತು. ನಾವು ಹತ್ತಲಿರುವ ಈ ವಿಹಾರದ ಹಡಗು ಹಡಗೇ ಅಲ್ಲವಂತೆ, ತೇಲುವ ಸಂತೆಯಂತೆ. ಹೊಸ ಮದುವಣಗಿತ್ತಿಯಾಗಿ ಗಂಡನಿದ್ದ ದೇಶಕ್ಕೆ ಅವಳು ಹೋದ ಹಡಗಿಗೆ ಚೂಪು ಮೂತಿ, ಅಲೆ ಸೀಳಿಕೊಂಡು ಓಡುತ್ತಿತ್ತು. ಇದು ರಟ್ಟಿನ ಡಬ್ಬ ಪೇರಿಸಿದ ಹಾಗೆ. ಅಲ್ಲಿ ಡೆಕ್ಕಿನ ಮೇಲೆ ಆರಾಮಕುರ್ಚಿ, ಬಿಳಿ ಕೈಗವಸಿನ ಮಾಣಿ, ಕಣ್ಣು ಹಾಯುವಷ್ಟೂ ಸಮುದ್ರ... ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ನಾನು ಬಾವಿಕಟ್ಟೆ ದಾಟದವಳು ಎಂದು ಪ್ರತಿ ಸಲವೂ ಕೊನೆಗೊಂದು ಒಗ್ಗರಣೆ.

ಮಗ ಟಿಕೆಟ್ ತೆಗೆಸುವಾಗ ದೊಡ್ಡಮ್ಮನನ್ನೂ ಕರೆದುಕೋ ಎಂದವಳು ನಾನೇ. ಪ್ರೀತಿಗಲ್ಲ. ನನ್ನ ಹಡಗೇ ದೊಡ್ಡದು ಎಂದು ಅವಳ ಬಾಯಿಂದ ಕೇಳಬೇಕಿತ್ತು.

ಮಾರ್ಚ್ 4

ಮಗ-ಸೊಸೆಗೆ ಮೇಲೆ ಬಾಲ್ಕನಿ ರೂಮು. ನಮ್ಮಿಬ್ಬರಿಗೆ ಒಳಗಿನದು. ವಯಸ್ಸಾದವರಿಗೆ ಬಾಲ್ಕನಿ ಡೇಂಜರ್ ಅಂತೆ. ಡೇಂಜರ್ ಯಾರ ಜೇಬಿಗೋ. ಕಿಟಕಿ ಇರಬೇಕಾದಲ್ಲಿ ಒಂದು ಟೀವಿ. ಹೊರಗಿನ ಸಮುದ್ರವನ್ನೇ ಕ್ಯಾಮೆರಾದಲ್ಲಿ ಹಿಡಿದು ತೋರಿಸುತ್ತದೆ. ಅಕ್ಕ ಗಾಜು ಮುಟ್ಟಿ ನೋಡಿದಳು. ಹಿಂದೆ ಗೋಡೆ. ಮುಖ ಸುಣ್ಣವಾಯಿತು. ಬಾಗಿಲು ತೆರೆದಿಡು ಎಂದು ಗೋಗರೆದಳು. ಮಧ್ಯಾಹ್ನದ ನಿದ್ದೆಯಲ್ಲಿ ಬಡಬಡಿಕೆ — "ಮೇಲೆ ಬಿಡಿ ಸಾಹೇಬ್ರೆ, ಒಂದೇ ಸಲ, ಗಾಳಿಗೆ..."

ಎದ್ದ ಮೇಲೆ ಕೆದಕಿದೆ. ಕಕ್ಕಿಬಿಟ್ಟಳು. ಅವಳು ಹೋದದ್ದು ಹಡಗಿನ ತಳದಲ್ಲಿ, ಇಂಜಿನ್ನಿನ ಪಕ್ಕ. ಕಿಟಕಿಯಿಲ್ಲ. ದಾರಿಯುದ್ದಕ್ಕೂ ಬಕೆಟ್ಟಿಗೆ ವಾಂತಿ. ತಳದವರನ್ನು ಡೆಕ್ಕಿಗೆ ಬಿಡುತ್ತಿರಲಿಲ್ಲ. ಕುರ್ಚಿ, ಕೈಗವಸು ಎಲ್ಲ ಮೆಟ್ಟಿಲ ಬುಡದಿಂದ ಕತ್ತು ಚಾಚಿ ನೋಡಿದ್ದು. ಯಾರಿಗೂ ಹೇಳಬೇಡವೇ ಎಂದು ನನ್ನ ಕೈ ಹಿಡಿದಳು.

ಹೊಟ್ಟೆ ತಣ್ಣಗಾಯಿತು.

ಮಾರ್ಚ್ 5

ಊಟಕ್ಕೆ ಕೂತಾಗ ಸೊಸೆ, ನಿಮ್ಮ ಹಡಗಿನಲ್ಲೂ ಹೀಗೇ ಊಟ ಇತ್ತಾ ದೊಡ್ಡಮ್ಮ ಎಂದು ಕೇಳಿದಳು. ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ಒರೆಸಿಕೊಂಡೆ.

"ಅವಳನ್ನೇನು ಕೇಳ್ತೀಯ? ಅವಳು ಕಂಡ ಸಮುದ್ರ ಬಕೆಟ್ಟಲ್ಲಿತ್ತು."

ಪೂರ್ತಿ ಹೇಳಿದೆ. ಒಂದನ್ನೂ ಬಿಡಲಿಲ್ಲ. ಮಗ ನಕ್ಕು ನಕ್ಕು ಕೆಮ್ಮಿದ. ಅಕ್ಕ ಚಮಚ ಕೆಳಗಿಟ್ಟಳು. ಅವಳ ಪಾಲಿನ ಐಸ್‌ಕ್ರೀಮನ್ನೂ ನಾನೇ ತಿಂದೆ.

ಮಾರ್ಚ್ 8

ಅಕ್ಕ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಗೋಡೆ ಕಡೆ ಮುಖ. ಹಡಗಿನ ಡಾಕ್ಟರು ಬಂದು ಬಿ.ಪಿ. ನೋಡಿ, ಏನೂ ಇಲ್ಲ ಎಂದು ಹೋದರು. ಈಜುಕೊಳ, ಅಂಗಡಿಬೀದಿ, ಗಾಜಿನ ಲಿಫ್ಟು — ಒಬ್ಬಳೇ ಸುತ್ತಿ ಬಂದೆ. ಹೊಟ್ಟೆ ಉರಿಸಲು ಪಕ್ಕದಲ್ಲಿ ಯಾರೂ ಇಲ್ಲ. ಸಪ್ಪೆ.

ಸಂಜೆ ಕೆಣಕಿದೆ. ನನ್ನ ಹಡಗಿನ ಮುಂದೆ ನಿನ್ನದು ನೀರಿನ ತೊಟ್ಟಿ ಎಂದೆ. ಮುಖ ತಿರುಗಿಸದೆ ಹೇಳಿದಳು:

"ಕಿಟಕಿ ಇರ್ಲಿಲ್ಲ, ನಿಜ. ಆದ್ರೂ ಆ ದಡ ಮುಟ್ಟಿಸ್ತು ಕಣೇ. ಅಲ್ಲಿ ನಿಮ್ಮ ಭಾವ ಕಾಯ್ತಾ ನಿಂತಿದ್ರು. ನಿಂದು ಎಲ್ಲಿಗೆ ಹೋಗುತ್ತೆ?"

ಮುದಿ ಗೂಬೆ.

ಮಾರ್ಚ್ 10, ಬೆಳಿಗ್ಗೆ

ಹಡಗು ನಿಂತಿದೆ. ಟೀವಿ ಕಿಟಕಿಯಲ್ಲಿ ಹೊರಟ ದಿನದ ಅದೇ ಕ್ರೇನು, ಅದೇ ತಗಡಿನ ಶೆಡ್ಡು. ಮಗ ಬಾಗಿಲು ಬಡಿದು, ಬೇಗ ಇಳಿಯಬೇಕು ಎಂದು ಹೋದ. ಅಕ್ಕನ ಭುಜ ಅಲ್ಲಾಡಿಸಿದೆ. ಏಳಕ್ಕ, ಬಂದೆವು ಎಂದೆ.

ಕಣ್ಣು ಬಿಟ್ಟಳು. ಕ್ರೇನು ನೋಡಿದಳು. ಆಮೇಲೆ ನನ್ನನ್ನು.

"ಎಲ್ಲಿಗೆ?"

ಇನ್ನೂ ನೋಡುತ್ತಲೇ ಇದ್ದಾಳೆ. ನನಗೇನು ಬಾಯಿಲ್ಲವೇ? ಹೇಳುತ್ತೇನೆ. ನಾವು ಬಂದದ್ದು —