ನನ್ನದಲ್ಲದ ವಿಮರ್ಶೆ

ಇಳಕಲ್
14 ಜುಲೈ 2003

ಪುರವಣಿಯ ಸಂಪಾದಕರಿಗೆ,

ನಿನ್ನೆ ಅಚ್ಚಾದ ಫುಟ್‌ಬಾಲ್ ಕಂಪ್ಯೂಟರ್ ಗೇಮಿನ ವಿಮರ್ಶೆಯಲ್ಲಿ ನನ್ನದೆಂದು ಉಳಿದಿರುವುದು ಹೆಸರು ಮಾತ್ರ. ‘ಹುಲ್ಲು, ಜನರ ಗದ್ದಲ ಚೆನ್ನಾಗಿವೆ, ನೋವು ಮಾತ್ರ ಸುಳ್ಳು’ ಎಂದು ನಾನು ಬರೆದಿದ್ದೆ. ನೀವು ‘ಸಾಕ್ಷಾತ್ ಮೈದಾನವೇ!’ ಎಂದು ಹಾಕಿದ್ದೀರಿ. ಗೇಮಿನ ಡಬ್ಬಿಯ ಮೇಲೂ ಇದೇ ಮಾತಿದೆ. ನಕಲು ಮಾಡುವಾಗ ಒಂದಕ್ಷರವೂ ತಪ್ಪಿಲ್ಲ, ಅಭಿನಂದನೆ.

ಆ ಗೇಮನ್ನು ಆಡಿ ನೋಡಿದವನು ನನ್ನಣ್ಣ ಶ್ರೀಧರ. ಬಾಗಲಕೋಟೆಯಲ್ಲಿ ಕಾಲೇಜು ತಂಡಕ್ಕೆ ಆಡುವಾಗ ಅವನ ಮೊಣಕಾಲು ಮುರಿದು ಆರು ವರ್ಷವಾಯಿತು. ಇಂದಿಗೂ ಕೋಲು ಬೇಕು. ಪರದೆಯ ಮೇಲೆ ಒದೆ ತಿಂದು ಬಿದ್ದ ಆಟಗಾರ ಮರುಕ್ಷಣ ಎದ್ದು ಓಡಿದಾಗ ಅಣ್ಣ ನಕ್ಕುಬಿಟ್ಟ.

“ಇವಗ ಮೊಣಕಾಲ ಇಲ್ಲ ಬಿಡವಾ.”

ಈ ಆರು ವರ್ಷಗಳಲ್ಲಿ ಅವನು ಆಟದ ಮಾತೆತ್ತಿದ್ದು ಅದೇ ಮೊದಲು. ನಾನದನ್ನೂ ಬರೆದಿದ್ದೆ. ಆ ಸಾಲು ತೆಗೆದು, ಪಕ್ಕದಲ್ಲೇ ಅದೇ ಗೇಮಿನ ಜಾಹೀರಾತಿಗೆ ಅರ್ಧ ಪುಟ ಕೊಟ್ಟಿದ್ದೀರಿ.

ಅಣ್ಣ ಓದಿ, “ನೀನೂ ಹಿಂಗ ಬರದಿ ಏನವಾ?” ಎಂದ. ತಿದ್ದಿದವರು ನೀವೆಂದು ಹೇಳಿದೆ. ನಂಬಲಿಲ್ಲ.

ಆ ವಿಮರ್ಶೆ ನನ್ನದಲ್ಲವೆಂದು ಬರುವ ಭಾನುವಾರ ಅದೇ ಪುಟದಲ್ಲಿ ಪ್ರಕಟಿಸಿ. ನನ್ನ ಕ್ಷಮೆ ಕೇಳುವುದು ಬೇಡ. ನಿಮ್ಮ ಮಾತಿಗೆ ನನ್ನಲ್ಲಿ ಬೆಲೆಯಿಲ್ಲ. ಆದರೆ ಅಚ್ಚಾದದ್ದನ್ನು ಅಣ್ಣ ಇನ್ನೂ ನಂಬುತ್ತಾನೆ.

ಇನ್ನು ಮುಂದೆ ನಿಮಗೆ ಬರೆಯದ,
ಸಪ್ನಾ