ಹೆರಿಗೆ ವಾರ್ಡಿನ ಹೊರಗಿನ ಬೆಂಚು

ಹುಬ್ಬಳ್ಳಿ, ಫೆಬ್ರವರಿ 30, 2121

ಮಾನ್ಯ ಮಂದಾಕಿನಿ ಹಂಪಿಹೊಳಿ ಅವರಿಗೆ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಕರುಣೆಯಿಂದ ಮೂವತ್ತು ದಿನ ಕೊಟ್ಟಿದ್ದಾರೆ. ನಿಮಗೆ ತಿಳಿಯದ ಶಬ್ದಗಳು ನುಸುಳಿದರೆ ಕ್ಷಮಿಸಿ. ಈ ಪತ್ರ ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬಂದಿದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ನಾನು ಅದನ್ನು ಒಂದು ಬೆಂಚಿಗಾಗಿ ಖರ್ಚು ಮಾಡುತ್ತಿದ್ದೇನೆಂದು ಮನೆಯವರೆಲ್ಲ ಬೈದರು.

ನೀವು ಹೋಟೆಲಾಗಿ ಮಾರ್ಪಡಿಸುತ್ತಿರುವ ಆ ಹಳೆಯ ಹೆರಿಗೆ ಆಸ್ಪತ್ರೆಗೆ ಈಗ ನಾನು ವ್ಯವಸ್ಥಾಪಕಿ. ಎಷ್ಟು ಚಂದ ಮಾಡಿದ್ದೀರಿ ತಾಯಿ! ಬೇಸಿಗೆಯಲ್ಲಿ ಊರು ಹಗಲು ಮಲಗಿ ಸಂಜೆಗೆ ಏಳುತ್ತದೆ. ಆಗ ಅತಿಥಿಗಳು ನೆರಳುಬಂಡಿಯಲ್ಲಿ, ಎಂದರೆ ಸೂರು ಹೊತ್ತು ತಾನೇ ನಡೆಯುವ ಬಂಡಿಯಲ್ಲಿ, ಬಂದಿಳಿಯುತ್ತಾರೆ. ಕೂಸುಗಳನ್ನು ತೂಗುತ್ತಿದ್ದ ತಕ್ಕಡಿಯಲ್ಲಿ ಪೇರಲಹಣ್ಣು ಇಟ್ಟಿರುತ್ತೇವೆ. ನೀವು ಉಳಿಸಿದ ಎತ್ತರದ ಕಿಟಕಿಗಳ ಕೆಳಗೆ ಕುಳಿತು ಎಲ್ಲರೂ ಗಿರ್ಮಿಟ್ ತಿನ್ನುತ್ತಾರೆ.

ಆದರೆ ಹೆರಿಗೆ ವಾರ್ಡಿನ ಹೊರಗಿದ್ದ ಕಲ್ಲುಬೆಂಚನ್ನು ನೀವು ನಾಳೆ ಕೀಳಿಸುತ್ತೀರಿ. ಅಲ್ಲೊಂದು ಹಿತ್ತಾಳೆಯ ಹೂದಾನಿ ಇಡುತ್ತೀರಿ. ಅದು ಇನ್ನೂ ಇದೆ, ದರಿದ್ರದ್ದು, ಒರೆಸಿ ಒರೆಸಿ ನನ್ನ ಕೈ ಬಿದ್ದುಹೋಗಿದೆ.

ನನ್ನ ಮುತ್ತಜ್ಜಿ ಸ್ಫೂರ್ತಿ ಆ ವಾರ್ಡಿನಲ್ಲೇ ಹುಟ್ಟಿದವಳು. ನಿಮ್ಮ ಕಾಲಕ್ಕೆ ಆಕೆ ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ, ನಮಗೆ ನೂರು ದಾಟಿದ ಹಟಮಾರಿ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅಪ್ಪ ತೀರಿಕೊಂಡ. ಒಂದು ಫೋಟೋ ಕೂಡ ಉಳಿದಿಲ್ಲ. ಅವನು ರಾತ್ರಿಯಿಡೀ ಆ ಬೆಂಚಿನ ಮೇಲೆ ಕಾದಿದ್ದು, ಬೆಳಗಾದಾಗ ಅಲ್ಲೇ ಕುಳಿತು ಇವಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದು, ತಾಯಿ ಹೇಳಿದ ಇಷ್ಟೇ ಅವಳ ಪಾಲಿಗೆ ಬಂದ ಅಪ್ಪ.

ಫೆಬ್ರವರಿ ಅವಳು ಹುಟ್ಟಿದ ತಿಂಗಳು. ಪ್ರತಿ ವರ್ಷ ಬರುತ್ತಾಳೆ, ಹೂದಾನಿಯ ಪಕ್ಕ ಗೋಡೆ ಹಿಡಿದು ನಿಲ್ಲುತ್ತಾಳೆ. ಮೆತ್ತನೆಯ ಕುರ್ಚಿ ತಂದುಕೊಟ್ಟರೆ ಸಿಡುಕುತ್ತಾಳೆ: "ನಮ್ಮಪ್ಪ ಇದರ ಮ್ಯಾಲೆ ಕುಂತಿದ್ನೇನು? ತಗೊಂಡ್ ಹೋಗ ಅತ್ತಾಗ!" ಇವತ್ತೂ ಬಂದಿದ್ದಾಳೆ, ಆದರೆ ಈ ವರ್ಷ ಅವಳಿಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿಲ್ಲ. ಮುಂದಿನ ಸಲ ಬರುತ್ತಾಳೋ ಇಲ್ಲವೋ.

ಆ ಬೆಂಚು ಒರಟು, ನಿಮ್ಮ ಅಂದದ ಹಜಾರಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೂ ಬಿಡಿ ಅದನ್ನು, ದಮ್ಮಯ್ಯ. ಹೂದಾನಿಯನ್ನು ಬೇರೆಲ್ಲಾದರೂ ಇಡಿ.

ನೀವು ಉತ್ತರ ಬರೆಯಬೇಕಿಲ್ಲ. ಇದನ್ನು ಅಂಚೆಗೆ ಹಾಕಿ ಹಜಾರಕ್ಕೆ ಹೋಗುತ್ತೇನೆ. ಮುತ್ತಜ್ಜಿ ನಿಂತಿದ್ದಾಳೋ ಕುಳಿತಿದ್ದಾಳೋ, ನೋಡಿದರೆ ಸಾಕು.

ನಿಮ್ಮ,
ನಿರುಪಮಾ