ಬಾಡಿಗೆ ಕಾರಿನ ಆಯುಧಪೂಜೆ

ವಾಕೋ, ಜಪಾನ್
26 ಅಕ್ಟೋಬರ್ 2020, ವಿಜಯದಶಮಿ

ಮಗಳು ಯಾಮಿನಿಗೆ ಅಮ್ಮನ ಮನಃಪೂರ್ವಕ ಆಶೀರ್ವಾದ. ಅಳಿಯಂದಿರಿಗೂ ತಿಳಿಸು.

ಮೊದಲು ಮುಖ್ಯ ಮಾತು. ಅಪ್ಪನಿಗೆ ಮೈ ಸರಿಯಿಲ್ಲ, ಅಮ್ಮನನ್ನು ನವೆಂಬರಿನ ವಿಮಾನಕ್ಕೇ ಕಳಿಸು ಎಂದು ನಿನ್ನ ತಮ್ಮ ಮೋಹಿತನಿಗೆ ಫೋನ್ ಮಾಡಲು ನಿನಗೆ ಹೇಳಿಕೊಟ್ಟಿದ್ದೆನಲ್ಲ, ಮಾಡಬೇಡ. ಕಾರಣ ಬರೆಯುತ್ತೇನೆ. ಈ ಮನೆಯ ಗೋಡೆಗಳು ತೆಳು, ಫೋನಿನಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಅದಕ್ಕೇ ಹಾಳೆಯಲ್ಲಿ ಬರೆದು ಫೋಟೋ ಕಳಿಸುತ್ತಿದ್ದೇನೆ.

ನಿನ್ನೆ ನಾನು ಸಿಂಹ ನೋಡಿದೆ ಕಣೇ. ಬೋನಿನಲ್ಲಲ್ಲ. ನನಗೂ ಅದಕ್ಕೂ ಮಧ್ಯೆ ಒಂದು ಕಿಟಕಿ ಗಾಜು, ಅಷ್ಟೇ.

ಮೇ ತಿಂಗಳಲ್ಲಿ ನಮ್ಮನ್ನೆಲ್ಲ ಆಫ್ರಿಕಾಕ್ಕೆ ಕರೆದುಕೊಂಡು ಹೋಗಿ, ತಾನೇ ಕಾರು ಓಡಿಸಿ ಕಾಡು ತೋರಿಸುತ್ತೇನೆಂದು ಮೋಹಿತ ಕುಣಿದಿದ್ದು ನಿನಗೆ ಗೊತ್ತಲ್ಲ. ಕೊರೋನಾ ಬಂದು ಅದು ಹೋಯಿತು. ಇಲ್ಲೇ ಎರಡು ಗಂಟೆ ದೂರದಲ್ಲಿ ಒಂದು ಸಫಾರಿ ಪಾರ್ಕಿದೆ. ಬೆಟ್ಟದ ತಪ್ಪಲಿಗೆ ಬೇಲಿ ಹಾಕಿ ಪ್ರಾಣಿಗಳನ್ನು ಬಿಟ್ಟಿದ್ದಾರೆ. ಅವುಗಳ ನಡುವೆ ನಮ್ಮ ಕಾರು ನಾವೇ ಓಡಿಸಿಕೊಂಡು ಹೋಗಬೇಕು. ಕಿಟಕಿ ತೆರೆಯುವಂತಿಲ್ಲ, ಇಳಿಯುವಂತಿಲ್ಲ. ಯಾರ ಗಾಳಿಯೂ ಸೋಕುವುದಿಲ್ಲವಾದ್ದರಿಂದ ಏಳು ತಿಂಗಳ ಬಸುರಿ, ನಮ್ಮ ಸೊಸೆ ಶಾಲಿನಿಯೂ ಹೊರಟಳು.

ನಿನ್ನೆ ಆಯುಧಪೂಜೆ. ಬಾಡಿಗೆ ಕಾರಿಗೆ ಯಾರಮ್ಮ ಪೂಜೆ ಮಾಡ್ತಾರೆ ಎಂದು ಮೋಹಿತ ರೇಗಿದ. ಸಿಂಹದ ಬಾಯಿಗೆ ಕರೆದುಕೊಂಡು ಹೋಗುವ ಗಾಡಿಗೆ ಮಾಡದೆ ಇನ್ಯಾವುದಕ್ಕೆ ಮಾಡಲಿ ಎಂದೆ. ಅಂಗಡಿಯಲ್ಲಿ ಹಳದಿ ಸೇವಂತಿಗೆ ಕಟ್ಟುಕಟ್ಟಾಗಿ ಇಟ್ಟಿದ್ದರು. ಹಾರ ಕಟ್ಟಿ ಕಾರಿನ ಮೂತಿಗೆ ಹಾಕಿದೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಪುಳಿಯೋಗರೆ ನೈವೇದ್ಯ ಮಾಡಿ ಡಬ್ಬಿಗೆ ತುಂಬಿಕೊಂಡೆ. ಗೇಟಿನಲ್ಲಿ ನಮ್ಮನ್ನು ಕಂಡು ಅಲ್ಲಿಯವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಎಂಥ ದೈವಭಕ್ತರು ಅಂದುಕೊಂಡೆ. ಇಲ್ಲಿ ಸೇವಂತಿಗೆ ಸತ್ತವರಿಗೆ ಇಡುವ ಹೂವಂತೆ. ಶಾಲಿನಿಗೆ ಗೊತ್ತಿತ್ತು, ಆದರೆ ಸುಮ್ಮನಿದ್ದಳು.

ಅವಳ ಸುಮ್ಮನಿರುವಿಕೆಯೇ ನನ್ನನ್ನು ಹೆದರಿಸಿದ್ದು. ಮಾರ್ಚಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಊಟಕ್ಕೆ ಬಂದರೆ ‘ಪರವಾಗಿಲ್ಲ ಅತ್ತೆ’, ಎದ್ದರೆ ‘ಪರವಾಗಿಲ್ಲ ಅತ್ತೆ’. ಎರಡು ತಿಂಗಳಿಗೆಂದು ಬಂದ ನಾನು ಇಲ್ಲೇ ಸಿಕ್ಕಿಕೊಂಡು ಅವಳಿಗೆ ಭಾರವಾದೆ ಎಂದೇ ನಿನಗೆ ಆ ಸುಳ್ಳು ಹೇಳಿಕೊಟ್ಟಿದ್ದು.

ಇರಲಿ, ಕೇಳು. ಜಿರಾಫೆ ಬಂತು. ನೇರಳೆ ನಾಲಿಗೆ, ಮೊಳದುದ್ದ. ಹಾರವನ್ನು ಪ್ರಸಾದದ ಹಾಗೆ ಹೂ ಹೂವಾಗಿ ತಿಂದಿತು. ಕಾವಲಿನ ಜೀಪಿನವರು ಬಂದು ಮೈಕಿನಲ್ಲಿ ಬೈದರು. ಇಲ್ಲಿಯವರು ಬೈದರೂ ವಿನಯವಾಗಿಯೇ ಬೈಯುತ್ತಾರೆ. ಅಷ್ಟರಲ್ಲಿ ತಡವಾಗಿ, ಸಿಂಹಗಳಿರುವಲ್ಲಿಗೆ ಹೋದರೆ ಮೂರು ಸಿಂಹಗಳು ದಾರಿಗಡ್ಡ ಮಲಗಿವೆ. ಹಿಂದೆ ಕಾರುಗಳ ಸಾಲು. ನಾನು ದೇವಿಯ ವಾಹನಕ್ಕೆ ಕೈಮುಗಿದು ಕೂತೆ. ಅವು ಏಳಲೊಲ್ಲವು.

ಆಗ ಪಕ್ಕದಲ್ಲಿದ್ದ ಶಾಲಿನಿ ನನ್ನ ಕೈ ಹಿಡಿದಳು. ಮುಖ ಬೆವರುತ್ತಿತ್ತು.

“ಅತ್ತೆ, ತಡ್ಕೊಳ್ಳೋಕೆ ಆಗ್ತಿಲ್ಲ,” ಎಂದಳು.

ನನ್ನ ಜೀವ ಹಾರಿತು. ನೋವೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದಳು. ಬಸುರಿಯ ಇನ್ನೊಂದು ಕಷ್ಟ, ನಿನಗೂ ಗೊತ್ತಿರುವುದೇ. ಇಳಿದರೆ ಸಿಂಹ, ಇಳಿಯದಿದ್ದರೆ ಬಾಡಿಗೆ ಕಾರು. ನಾನು ಯೋಚಿಸಲಿಲ್ಲ ಯಾಮಿನಿ. ಪುಳಿಯೋಗರೆಯನ್ನು ಮೋಹಿತನ ಟೋಪಿಗೆ ಸುರಿದು, ಡಬ್ಬಿ ಅವಳ ಕೈಗೆ ಕೊಟ್ಟು, ನನ್ನ ಶಾಲನ್ನು ಮರೆಗೆ ಹಿಡಿದೆ.

“ನೀನು ಮುಂದೆ ನೋಡೋ,” ಎಂದೆ ಮೋಹಿತನಿಗೆ.

“ಮುಂದೆ ಸಿಂಹ ಇದೆಯಮ್ಮ.”

“ಅದನ್ನೇ ನೋಡು.”

ಒಂದು ಸಿಂಹಿಣಿ ಎದ್ದು ಬಂದು ಶಾಲಿನಿಯ ಕಿಟಕಿಯಲ್ಲಿ ಇಣುಕಿತು. ಅವಳು ಗಾಬರಿಯಾದಳು. ಹೆಣ್ಣಲ್ಲವೇ, ನೋಡಿಕೊಳ್ಳಲಿ ಬಿಡು ಎಂದೆ.

“ನಗಿಸ್ಬೇಡಿ ಅತ್ತೆ, ನಿಂತೋಗತ್ತೆ,” ಎನ್ನುತ್ತಲೇ ನಗತೊಡಗಿದಳು. ಆ ಹುಡುಗಿಗೆ ಅಂಥ ನಗು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಕ್ಕು ನಕ್ಕು, ಆಮೇಲೆ ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ದೇಶದ ಬಾಗಿಲು ಮುಚ್ಚಿದೆ, ಅವಳಮ್ಮ ಬರುವಂತಿಲ್ಲ. ನಾನೂ ಹೊರಟುಬಿಡುತ್ತೇನೆಂದು ದಿನಾ ಹೆದರುತ್ತಿದ್ದಳಂತೆ.

“ಮತ್ಯಾಕೆ ಬಾಯಿ ಬಿಟ್ಟು ಕೇಳಲಿಲ್ಲ?” ಎಂದೆ.

“ಕೇಳಿದ್ರೆ, ಹೌದು ಹೊರಟೆ ಅಂದ್ಬಿಡ್ತೀರೇನೋ ಅಂತ.”

ನಾನೆಲ್ಲಿ ಹೋಗಲಿ ಎಂದುಬಿಟ್ಟೆ. ನಿನಗೆ ಹೇಳಿಕೊಟ್ಟ ಸುಳ್ಳನ್ನು ಮಾತ್ರ ಮುಚ್ಚಿಟ್ಟೆ. ಅವಳಿಗೆ ಎಂದೂ ಹೇಳಬೇಡ.

ಸಿಂಹಗಳು ತಮ್ಮ ಪಾಡಿಗೆ ತಾವು ಎದ್ದು ಹೋದವು. ದಾರಿಯುದ್ದಕ್ಕೂ ಟೋಪಿಯಿಂದ ಪುಳಿಯೋಗರೆ ತಿಂದುಕೊಂಡು ಬಂದೆವು. ನೈವೇದ್ಯದ ಡಬ್ಬಿಗೆ ಹೀಗೆ ಮಾಡಿದೆನಲ್ಲ ಎಂದು ರಾತ್ರಿ ದೇವರ ಮುಂದೆ ಕೂತೆ. ತಪ್ಪಾಯಿತೆಂದು ಹೇಳಲು ಬಾಯೇ ಬರಲಿಲ್ಲ. ಡಬ್ಬಿ ವಿಷಯ ನಿಮ್ಮಪ್ಪನಿಗೆ ಓದಿ ಹೇಳಬೇಡ. ಅವರಿಗೆ ಬಿಸಿನೀರು, ಮಾತ್ರೆ, ಹೊತ್ತಿಗೆ ಸರಿಯಾಗಿ ಕೊಡು. ಜನವರಿ ಕಳೆದು ಬಾಣಂತನ ಮುಗಿಸಿ ಬರುತ್ತೇನೆಂದು ತಿಳಿಸು.

ನಿನ್ನ ಅಮ್ಮ,
ವೇದವಲ್ಲಿ

ತಾ.ಕ.: ಈ ಕಾಯಿಲೆಯಿಂದಾಗಿ ಹೆರಿಗೆ ಕೋಣೆಯೊಳಕ್ಕೆ ಒಬ್ಬರನ್ನು ಮಾತ್ರ ಬಿಡುತ್ತಾರಂತೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಶಾಲಿನಿ ನನ್ನ ಹೆಸರು ಕೊಟ್ಟಳು. ಮೋಹಿತನಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ.